ಚಾಪೆ ಎತ್ತುವ ಹಕ್ಕು

ಮಾವನಿಗೆ ಇನ್ಸುಲಿನ್ ಚುಚ್ಚುವ ಕೆಲಸ ತೆರೆತಿಯಾಳದೇ ಆಗಿತ್ತು. ಅವಳ ಕೊರಳಲ್ಲಿ ತೂಗುವ ಗುರುತಿನ ಚೀಟಿಯ ಮೇಲೆ ‘ತೆಬಿಕೆ ಗಣರಾಜ್ಯ, ವಿದೇಶಾಂಗ ಕಾರ್ಯದರ್ಶಿ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಒಂಬತ್ತು ಸಾವಿರ ಜನರ ದೇಶದಲ್ಲಿ ಕಾರ್ಯದರ್ಶಿ ಎಂದರೆ ಅಧ್ಯಕ್ಷರ ಭಾಷಣ ಬರೆಯುವವಳೂ ಅವಳೇ, ಅವರ ಅಂಗಿಗೆ ಗುಂಡಿ ಹಾಕುವವಳೂ ಅವಳೇ. ಅದರ ಮೇಲೆ ಅಧ್ಯಕ್ಷ ತೆಕಿನೈತಿ ಅವಳ ಸ್ವಂತ ಸೋದರಮಾವ. ಎಪ್ಪತ್ತೊಂದು ವರ್ಷ, ಹಳೆಯ ಸಕ್ಕರೆ ಕಾಯಿಲೆ, ಲಗಾಮಿಲ್ಲದ ನಾಲಿಗೆ.

“ಏಳು ಗಂಟೆಗೆ ತಿಂಡಿ ತಿನ್ನಲೇಬೇಕು ಮಾವ. ಇದು ಮೈಯೊಳಗೆ ಹೋದಮೇಲೆ ಹೊಟ್ಟೆ ಖಾಲಿ ಬಿಡೋ ಹಾಗಿಲ್ಲ” ಅಂದಳು, ಹೊಟ್ಟೆಯ ಚರ್ಮ ಚಿವುಟಿ ಹಿಡಿದು.

“ಆರೂವರೆಗೇ ಲೆವಾಸಾ ನನ್ನ ಬಾಯಿಗೆ ಹಂದಿಮಾಂಸ ತುರುಕ್ತಾನೆ ಅಂತ ನೀನೇ ಹೇಳಿದ್ಯಲ್ಲೇ. ಚುಚ್ಚು, ಚುಚ್ಚು. ನಿನ್ನೆ ಅವನ ಔತಣದಲ್ಲಿ ತಿಂದ ಪಾಯಸ ಇನ್ನೂ ತಲೇಲಿ ಗಿರಗಿರ ಅಂತಿದೆ.”

ಬೆಳಗಿನ ಐದೂವರೆ. ನೆರೆಯ ದ್ವೀಪದೇಶ ಮೌಂಗಾಲುವಾದಲ್ಲಿ, ಪ್ರಧಾನಿ ಲೆವಾಸಾನ ಅತಿಥಿಗೃಹದಲ್ಲಿ, ಇನ್ನೂ ದೀಪ ಉರಿಯುತ್ತಿತ್ತು. ಸೂಜಿ ಐದೂವರೆಗೆ, ಚಾಪೆ ಆರಕ್ಕೆ, ತಿಂಡಿ ಏಳಕ್ಕೆ: ತೆರೆತಿಯಾ ಹಿಂದಿನ ದಿನವೇ ಇದನ್ನೆಲ್ಲ ಹೊಂದಿಸಿ ಇಟ್ಟುಕೊಂಡಿದ್ದಳು. ಹೊಂದಿಸುವುದರಲ್ಲಿ ಅವಳನ್ನು ಮೀರಿಸುವವರು ಹನ್ನೆರಡು ದ್ವೀಪದೇಶಗಳಲ್ಲಿ ಇರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅವಳೂ ನಂಬಿದ್ದಳು.

ಇಷ್ಟಕ್ಕೆಲ್ಲ ಕಾರಣ ಮಾವನ ಆ ನಾಲಿಗೆಯೇ. ಹಿಂದಿನ ವರ್ಷ ದ್ವೀಪದೇಶಗಳ ನಾಯಕರ ಸಭೆಯಲ್ಲಿ, ಹನ್ನೆರಡು ಧ್ವಜಗಳ ಮುಂದೆ, ಮೈಕು ಚಾಲೂ ಇರುವಾಗಲೇ, ಅವನು ಮೌಂಗಾಲುವಾದ ಪ್ರಧಾನಿಯ ಕಡೆ ಬೆರಳು ತೋರಿಸಿ, “ನಿಮ್ಮಪ್ಪ ನಮ್ಮ ಕೊಬ್ಬರಿ ತೂಗುವಾಗ ಕದ್ದ. ನೀನು ನಮ್ಮ ಸಮುದ್ರಕ್ಕೆ ಪರದೇಶಿ ಹಡಗು ನುಗ್ಗಿಸಿ ಮೀನು ಕದೀತಿದ್ದೀಯ. ಕುಲಕಸುಬು ಬಿಟ್ಟಿಲ್ಲ” ಎಂದುಬಿಟ್ಟಿದ್ದ. ಮಾತು ಅಕ್ಷರಶಃ ನಿಜ. ಸಭೆಯಲ್ಲಿದ್ದವರಿಗೆಲ್ಲ ಅದು ಗೊತ್ತು. ಆದರೆ ಮೌಂಗಾಲುವಾದಲ್ಲಿ ಲೆವಾಸಾ ಎನ್ನುವುದು ಒಬ್ಬ ಮನುಷ್ಯನ ಹೆಸರಲ್ಲ, ಪಟ್ಟ. ಅಪ್ಪನ ಮೈಯಿಂದ ಇಳಿದು ಮಗನ ಮೈ ಮೇಲೆ ಕೂತದ್ದು. ಅದಕ್ಕೆ ಕಳ್ಳ ಎಂದರೆ ಹನ್ನೊಂದು ತಲೆಮಾರಿಗೆ ಕಳ್ಳ ಎಂದ ಹಾಗೆ. ಪ್ರಧಾನಿ ಲೆವಾಸಾ ಆವತ್ತು ಮುಗುಳ್ನಕ್ಕಿದ್ದ. ಅವನು ನಕ್ಕದ್ದನ್ನು ಕಂಡಾಗಲೇ ಕೆಲಸ ಕೆಟ್ಟಿತು ಎಂದು ತೆರೆತಿಯಾಳಿಗೆ ಗೊತ್ತಾಗಿತ್ತು.

ಏಕೆಂದರೆ ತೆಬಿಕೆಗೆ ಬೇಕಾಗಿದ್ದ ಭೂಮಿ ಅವನ ಕೈಯಲ್ಲಿತ್ತು. ತೆಬಿಕೆಯ ದಕ್ಷಿಣದ ಎರಡು ನಡುಗಡ್ಡೆಗಳ ಬಾವಿಗಳು ಉಪ್ಪಾಗಿ ನಾಲ್ಕು ವರ್ಷವಾಗಿತ್ತು. ಗೆಡ್ಡೆ ಬೆಳೆಯುವ ಗುಂಡಿಗಳಲ್ಲಿ ಗೆಡ್ಡೆ ಕೊಳೆತು ನಾರುತ್ತಿತ್ತು. ಸಾವಿರದ ನಾನೂರು ಜನ ದೋಣಿಯಲ್ಲಿ ಬರುವ ಡ್ರಮ್ಮಿನ ನೀರು ಕುಡಿದು ಬದುಕಿದ್ದರು. ಮೌಂಗಾಲುವಾದಲ್ಲಿ ಬೆಟ್ಟವಿದೆ, ಹೊಳೆಯಿದೆ, ವಾಯ್‌ಮಾಲೊ ಎಂಬ ಇಳಿಜಾರಿನಲ್ಲಿ ಪಾಳು ಬಿದ್ದ ಹಳೆಯ ತೆಂಗಿನ ತೋಟವಿದೆ. ಯಾರಾದರೂ ಜಾಗ ಕೊಟ್ಟರೆ ಮನೆ ಕಟ್ಟಿಸಿಕೊಡಲು ಎಲ್ಲ ದೇಶಗಳೂ ಸೇರಿ ಒಪ್ಪಿದ್ದವು. ಜಾಗ ಇದ್ದದ್ದು ಒಬ್ಬನ ಹತ್ತಿರ, ಆ ಒಬ್ಬನಿಗೇ ಮಾವ ಕಳ್ಳ ಅಂದದ್ದು.

ಈ ಸಲದ ಸಭೆ ಮೌಂಗಾಲುವಾದಲ್ಲೇ ನಡೆಯಬೇಕಾಗಿ ಬಂದಾಗ ಲೆವಾಸಾನ ಮಾತುಗಾರ ತೌಲಾಂಗಿ ತೆರೆತಿಯಾಳನ್ನು ಹುಡುಕಿಕೊಂಡು ಬಂದ. ಅಲ್ಲಿ ದೊಡ್ಡವರು ತಾವಾಗಿ ಬಾಯಿ ಬಿಡುವುದಿಲ್ಲ, ಕೈಯಲ್ಲಿ ಕೋಲು ಹಿಡಿದ ಮಾತುಗಾರ ಅವರ ಪರವಾಗಿ ಆಡುತ್ತಾನೆ. ಇವನು ಒಳ್ಳೆಯ ಮುದುಕ. ಅವಳು ಮೌಂಗಾಲುವಾದ ಹಾಸ್ಟೆಲಿನಲ್ಲಿ ಏಳು ವರ್ಷ ಓದಿದವಳೆಂದು ಅವನಿಗೆ ಗೊತ್ತಿತ್ತು.

“ನಿಮ್ಮ ಮಾವ ಇಫೊಂಗಾಕ್ಕೆ ಕೂರಲಿ ತಂಗಿ” ಅಂದ. ಇಫೊಂಗಾ ಎಂದರೆ ಅಲ್ಲಿಯವರು ತಪ್ಪೊಪ್ಪಿ ಕ್ಷಮೆ ಕೇಳುವ ಪದ್ಧತಿ. “ಬೆಳಗಾಗೋ ಹೊತ್ತಿಗೆ ನಮ್ಮ ದೊಡ್ಡವರ ಅಂಗಳದಲ್ಲಿ, ತಲೆ ಮೇಲೆ ಚಾಪೆ ಹೊದ್ದು. ಅವರು ಬಂದು ಎತ್ತಿದರೆ ಮುಗೀತು. ಆಮೇಲೆ ಆ ಮಾತು ಯಾರ ಬಾಯಲ್ಲೂ ಬರಬಾರದು. ಶುಕ್ರವಾರ ನಾಯಕರು ತಾವೇ ತಾವು ಸಮುದ್ರದ ಮನೇಲಿ ಕೂರ್ತಾರಲ್ಲ, ಅಲ್ಲಿ ವಾಯ್‌ಮಾಲೊ ನಿಮ್ಮದು ಅಂತ ಹೇಳ್ತಾರೆ. ನನಗೆ ಹೇಳಿದಾರೆ.”

“ಬರೆದು ಕೊಡ್ತಾರಾ?”

ತೌಲಾಂಗಿ ನಕ್ಕುಬಿಟ್ಟ. “ಆ ಮನೆಗೆ ಕಾಗದ ಹೋಗಲ್ಲ, ನಿನಗೆ ಗೊತ್ತಲ್ಲ.”

ಗೊತ್ತಿತ್ತು. ಸಭೆಯ ಕೊನೆಯ ದಿನ ನಾಯಕರು ಹೂವಿನ ಅಂಗಿ ತೊಟ್ಟು, ಅಧಿಕಾರಿಗಳನ್ನೆಲ್ಲ ಗೇಟಿನ ಹೊರಗೆ ಬಿಟ್ಟು, ಕಾಗದ ಪೆನ್ನು ಇಲ್ಲದೆ ಕೂರುತ್ತಾರೆ. ಅಲ್ಲಿ ಒಬ್ಬ ಇನ್ನೊಬ್ಬನಿಗೆ ಕೊಟ್ಟ ಮಾತೇ ಒಪ್ಪಂದ. ನಲವತ್ತು ವರ್ಷದಿಂದ ಸಾಗರದ ಈ ಭಾಗ ಹಾಗೆಯೇ ನಡೆದಿದೆ. ಇದರ ಬಗ್ಗೆ ಎಲ್ಲರಿಗೂ ಬಲು ಹೆಮ್ಮೆ.

ಮಾವ ಮೊದಲು ಕುಣಿದಾಡಿದ. “ನಾನೊಂದು ದೇಶದ ಅಧ್ಯಕ್ಷ ಕಣೇ! ಒಲೆ ಮೇಲೆ ಮುಚ್ಚಿಟ್ಟ ಹಂದಿ ಥರ ಅವನ ಅಂಗಳದಲ್ಲಿ ಕೂರಲಾ?”

“ನೀನು ಕೂತರೆ ಅವನಿಗೆ ಬೇರೆ ದಾರಿನೇ ಇಲ್ಲ ಮಾವ. ಎತ್ತಲೇಬೇಕು. ನಾನು ಹಾಸ್ಟೆಲಲ್ಲಿದ್ದಾಗ ಕಣ್ಣಾರೆ ನೋಡಿದೀನಿ. ಬಸ್ ಡ್ರೈವರೊಬ್ಬ ಒಂದು ಮಗು ಮೇಲೆ ಬಸ್ ಹಾಯಿಸಿ ಸಾಯಿಸಿಬಿಟ್ಟಿದ್ದ. ಅವನ ಮನೆಯವರು ಚಾಪೆ ಹೊದ್ದು ಕೂತರು. ಮಗುವಿನ ತಾತ ಬರಿಗಾಲಲ್ಲಿ ಓಡಿ ಬಂದು ಎತ್ತಿಬಿಟ್ಟ. ಅರ್ಧ ಗಂಟೆನೂ ಆಗಿರಲಿಲ್ಲ. ಮಗು ಸತ್ತಿದ್ದಕ್ಕೇ ಅರ್ಧ ಗಂಟೆ ಮಾವ, ನಮ್ಮದು ಬರೀ ಒಂದು ಮಾತು.”

ಮಾವ ಬಹಳ ಹೊತ್ತು ಅವಳ ಮುಖ ನೋಡಿದ. “ಸರಿ ಬಿಡು. ನೀನು ಹೇಳಿದ ಮೇಲೆ ಆಯ್ತು” ಅಂದ.

ಅವಳ ತಪ್ಪು ಇಲ್ಲೇ ಆದದ್ದು. ಆ ಮಗುವಿನ ತಾತ ಬಡವ, ಊರಿನವರ ಜೊತೆ ನಾಳೆಯೂ ಬದುಕಬೇಕಾದವನು. ಪದ್ಧತಿ ಅವನನ್ನು ಓಡಿಸಿತ್ತು. ದೊಡ್ಡ ಮನುಷ್ಯರು ಪದ್ಧತಿಯನ್ನೇ ಓಡಿಸುತ್ತಾರೆ ಎನ್ನುವುದು ಏಳು ವರ್ಷ ಹಾಸ್ಟೆಲಿನ ಅನ್ನ ತಿಂದರೂ ಅವಳಿಗೆ ಹೊಳೆದಿರಲಿಲ್ಲ.

ಆರು ಗಂಟೆಗೆ ಮಾವ ಲೆವಾಸಾನ ಅಂಗಳದ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ತೌಲಾಂಗಿಯ ಹೆಂಡತಿ ಕಡ ಕೊಟ್ಟ ನುಣುಪಾದ ದೊಡ್ಡ ಚಾಪೆಯನ್ನು ಎರಡು ಮಡಿಕೆ ಮಾಡಿ ಅವನ ತಲೆಯ ಮೇಲಿಂದ ಇಳಿಬಿಟ್ಟರು. ನಾಲ್ಕು ಹೆಜ್ಜೆ ಹಿಂದೆ ತೆರೆತಿಯಾ ಕೂತಳು, ಅವಳ ಪಕ್ಕದಲ್ಲಿ ಮೀನುಗಾರಿಕೆ ಮಂತ್ರಿ ಕೌತು. ಇಬ್ಬರೂ ತಲೆ ತಗ್ಗಿಸಿದ್ದರು. ಎದುರಿಗೆ ಕಂಬಗಳ ಮೇಲೆ ನಿಂತ ಹಜಾರ, ಅದರ ಹಿಂದೆ ಪ್ರಧಾನಿಯ ಎರಡಂತಸ್ತಿನ ಮನೆ. ಮೇಲಿನ ಕಿಟಕಿಯ ಪರದೆ ಒಂದು ಚೂರು ಸರಿದಿತ್ತು.

ಆರೂವರೆ ಆಯಿತು, ಏಳಾಯಿತು. ತೌಲಾಂಗಿ ಕೋಲೂರಿಕೊಂಡು ಬಂದು, “ಪ್ರಾರ್ಥನೆಗೆ ಕೂತಿದಾರೆ” ಅಂದ. ಏಳೂಮುಕ್ಕಾಲಿಗೆ, “ಸ್ನಾನ ಮಾಡ್ತಿದಾರೆ” ಅಂದ. ಎರಡನೇ ಸಲ ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ.

ಎಂಟಕ್ಕೆ ಬಿಸಿಲು ಹುಲ್ಲಿನ ಇಬ್ಬನಿಯನ್ನೆಲ್ಲ ಹೀರಿತು. ಒಳಗಿನಿಂದ ಹುರಿದ ಕೋಕೋದ ವಾಸನೆ ಬಂತು. ಲೆವಾಸಾನ ಅಣ್ಣತಮ್ಮಂದಿರು ಮೆಟ್ಟಿಲ ಮೇಲೆ ಬೇಯಿಸಿದ ಬಾಳೆಕಾಯಿ, ಡಬ್ಬಿಯ ದನದ ಮಾಂಸ ಇಟ್ಟುಕೊಂಡು ಕೂತರು.

“ಒಳಗೆ ಮನುಷ್ಯ ಇದಾನೋ ಅಥವಾ ತೆಂಗಿನಕಾಯಿ ಗುಡ್ಡೆ ಹಾಕಿದಾರೋ?” ಅಂದ ಒಬ್ಬ.

“ತೂಗಿ ನೋಡು. ನಮ್ಮಪ್ಪನ ತಕ್ಕಡಿ ಒಳಗೇ ಇದೆ!” ಅಂದ ಇನ್ನೊಬ್ಬ. ಎಲ್ಲರೂ ತೊಡೆ ತಟ್ಟಿಕೊಂಡು ನಕ್ಕರು. ಒಬ್ಬ ಬಾಳೆಕಾಯಿಯ ಸಿಪ್ಪೆಯನ್ನು ಚಾಪೆಯ ಕಡೆ ಎಸೆದ. ಅದು ಮಾವನ ಮಂಡಿಯ ಹತ್ತಿರ ಬಿತ್ತು.

ಎಂಟೂವರೆಗೆ ಚಾಪೆ ನಡುಗಲು ಶುರುವಾಯಿತು. ಆ ನಡುಕ ತೆರೆತಿಯಾಳಿಗೆ ಪರಿಚಯದ್ದು. ರಕ್ತದಲ್ಲಿ ಸಕ್ಕರೆ ಇಳಿದಾಗ ಮಾವ ಮೊದಲು ನಡುಗುತ್ತಾನೆ, ಆಮೇಲೆ ಬೆವರುತ್ತಾನೆ, ಆಮೇಲೆ ಅರ್ಥವಿಲ್ಲದೆ ಮಾತಾಡುತ್ತಾನೆ. ಅವಳ ಚೀಲದಲ್ಲಿ ತೆಂಗಿನ ನೀರಾ ಇಳಿಸಿ ಕಾಯಿಸಿದ ಸಿಹಿ ಪಾಕದ ಬಾಟಲಿ ಇತ್ತು, ತೊಕಾ ಅತ್ತೆ ಇಂಥ ಹೊತ್ತಿಗೆಂದೇ ಗಂಡನಿಗೆ ಕಟ್ಟಿ ಕಳಿಸಿದ್ದು. ಎರಡು ಗುಟುಕು ಸಾಕು. ಅವಳು ಬಾಟಲಿಯ ಬಿರಡೆ ತೆಗೆದು ಮಂಡಿಯ ಮೇಲೆ ಮುಂದಕ್ಕೆ ತೆವಳಿದಳು.

ತೌಲಾಂಗಿಯ ಕೋಲು ಅವಳ ಮುಂದೆ ಅಡ್ಡ ಬಂತು.

“ಬೇಡ ತಂಗಿ. ನಿಮ್ಮ ಕಡೆಯವರ ಕೈ ಚಾಪೆಗೆ ತಾಗಿತೋ, ನೀವೇ ಎತ್ತಿದ ಹಾಗೆ. ಎತ್ತೋ ಹಕ್ಕು ಅವರೊಬ್ಬರದೇ.”

“ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸೂಜಿ ತಗೊಂಡಿದಾರೆ. ಏನಾದ್ರೂ ಆಗಿಬಿಡುತ್ತೆ. ಒಳಗೆ ಹೋಗಿ ಹೇಳಿ ದಮ್ಮಯ್ಯ.”

“ಹೇಳಿದೆ.”

“ಏನಂದ್ರು?”

ಮುದುಕ ಮೇಲಿನ ಕಿಟಕಿಯ ಕಡೆ ನೋಡಿದ. “ಇನ್ನೊಂದು ಬಟ್ಟಲು ಕೋಕೋ ತರಿಸಿಕೊಂಡ್ರು” ಅಂದ.

ತೆರೆತಿಯಾ ಹಿಂದಕ್ಕೆ ಸರಿದು ತನ್ನ ಜಾಗದಲ್ಲಿ ಕೂತಳು. ಬಾಟಲಿಯ ಬಿರಡೆ ಕೈಯಲ್ಲೇ ಇತ್ತು. ಒಂಬತ್ತಕ್ಕೆ ಮಾವ ಚಾಪೆಯೊಳಗೆ ಏನೋ ಗೊಣಗಿದ. ತಂಗಿಯ ಹೆಸರು, ಅಂದರೆ ಅವಳ ಸತ್ತ ಅಮ್ಮನ ಹೆಸರು, ಎರಡು ಸಲ ಕರೆದ ಹಾಗೆ ಕೇಳಿಸಿತು. ಮೆಟ್ಟಿಲ ಮೇಲಿದ್ದವರು ಅದನ್ನೇ ಅಣಕಿಸಿ ಕರೆದರು.

ಕೌತು ಅವಳ ಕಡೆ ವಾಲಿದ. ಅವನ ಕಣ್ಣು ಕೆಂಪಾಗಿತ್ತು. “ಎತ್ತಿಬಿಡೋಣ ಕಣಮ್ಮ. ಹಾಳಾಗಿ ಹೋಗಲಿ ಅವನ ಬೆಟ್ಟ. ನಾನೇ ಎತ್ತುತೀನಿ.”

“ಕೂತ್ಕೊಳ್ಳಿ.”

“ಮುದುಕರು ಸಾಯ್ತಾರೆ ತೆರೆತಿಯಾ!”

“ಕೂತ್ಕೊಳ್ಳಿ ಅಂದೆ. ಸಾವಿರದ ನಾನೂರು ಜನ ಇದಾರೆ. ಇನ್ನೊಂದು ಹತ್ತು ನಿಮಿಷ. ಈಗ ಬರ್ತಾನೆ.”

ಕೌತು ಅವಳಿಗಿಂತ ಹಿರಿಯ, ಮಂತ್ರಿ. ಆದರೂ ಕೂತ. ಅವಳು ಹೇಳಿದರೆ ಎಲ್ಲರೂ ಕೇಳುತ್ತಿದ್ದರು, ಅವಳ ದುರದೃಷ್ಟ ಅದು. ಹತ್ತು ನಿಮಿಷ ಕಳೆದು ಇನ್ನೊಂದು ಹತ್ತು ನಿಮಿಷ ಆಯಿತು. ಹತ್ತು ಗಂಟೆಯ ಸುಮಾರಿಗೆ ಚಾಪೆಯ ನಡುಕ ನಿಂತಿತು. ಮಾವ ಮುಂದಕ್ಕೆ ಬಾಗಿದ್ದು ಅದರ ಆಕಾರದಲ್ಲೇ ಕಾಣುತ್ತಿತ್ತು. ನಿದ್ದೆ ಬಂದಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಇಷ್ಟು ದೊಡ್ಡ ಸುಳ್ಳನ್ನು ಅವಳು ಯಾವ ವರದಿಯಲ್ಲೂ ಬರೆದಿರಲಿಲ್ಲ.

ಹನ್ನೊಂದೂವರೆಗೆ ಬಸ್ಸು ಬಂದಾಗ ಲೆವಾಸಾ ಯಾತಕ್ಕೆ ಕಾದಿದ್ದ ಎನ್ನುವುದು ಗೊತ್ತಾಯಿತು. ಹತ್ತು ದೇಶಗಳ ಅಧ್ಯಕ್ಷರು, ಪ್ರಧಾನಿಗಳು ಮಧ್ಯಾಹ್ನದ ಊಟಕ್ಕೆಂದು ಹೂವಿನ ಹಾರ ಹಾಕಿಕೊಂಡು ಒಬ್ಬೊಬ್ಬರಾಗಿ ಇಳಿದರು. ಅವರ ಹಿಂದೆ ಟೀವಿಯವರು. ಎಲ್ಲರೂ ಚಾಪೆ ನೋಡಿದರು, ಅದರಡಿ ಯಾರಿದ್ದಾರೆಂದು ಎಲ್ಲರಿಗೂ ತಿಳಿಯಿತು. ಒಬ್ಬರು ಟೋಪಿ ತೆಗೆದರು. ಒಬ್ಬರು ಶಿಲುಬೆಯ ಗುರುತು ಮಾಡಿಕೊಂಡರು. ಇಬ್ಬರು ಫೋನ್ ತೆಗೆದು ಫೋಟೋ ಹಿಡಿದರು. ಬಿಸಿಲಲ್ಲಿ ಎಷ್ಟು ಹೊತ್ತಿನಿಂದ ಕೂತಿದ್ದಾರೆ ಎಂದು ಒಬ್ಬರಾದರೂ ಕೇಳಲಿಲ್ಲ. ಒಬ್ಬರ ಮನೆಯ ವಿಷಯಕ್ಕೆ ಇನ್ನೊಬ್ಬರು ಬಾಯಿ ಹಾಕಬಾರದು ಎನ್ನುವುದು ಈ ನಾಯಕರ ಸೌಜನ್ಯ. ಆ ಸೌಜನ್ಯದ ಮನೆ ಹಾಳಾಗ.

ಲೆವಾಸಾ ಬಿಳಿ ಬಟ್ಟೆಯಲ್ಲಿ ಇಳಿದು ಬಂದ. ಬಂದವನು ನೇರವಾಗಿ ಚಾಪೆಯ ಹತ್ತಿರ ಹೋಗಲಿಲ್ಲ. ತೌಲಾಂಗಿಗೆ ಕಣ್ಸನ್ನೆ ಮಾಡಿದ. ತೌಲಾಂಗಿ ಕೋಲನ್ನು ನೆಲಕ್ಕೂರಿ, ಲೆವಾಸಾ ಪಟ್ಟದ ಹನ್ನೊಂದು ತಲೆಮಾರುಗಳನ್ನು ಒಂದೊಂದಾಗಿ ಹೊಗಳಲು ತೊಡಗಿದ. ಹೇಳುವಾಗ ಮುದುಕ ಎರಡು ಸಲ ನಡುವೆ ನಿಂತು ಕಣ್ಣೊರೆಸಿಕೊಂಡ. ಜನ ಅದನ್ನು ಭಕ್ತಿ ಎಂದುಕೊಂಡರು. ಇಪ್ಪತ್ತೈದು ನಿಮಿಷ ಹಿಡಿಯಿತು. ಆಮೇಲೆ ಲೆವಾಸಾ ಕ್ಯಾಮೆರಾದ ಕಡೆ ತಿರುಗಿ, ಕ್ಷಮೆ ಎನ್ನುವುದು ತನ್ನ ಮನೆತನದ ಆಸ್ತಿ ಎಂದು ಹೇಳಿ, ಎರಡೂ ಕೈಯಿಂದ ಚಾಪೆ ಎತ್ತಿದ.

ಮಾವ ಹಣೆಯನ್ನು ನೆಲಕ್ಕೆ ಹಚ್ಚಿ ಬಾಗಿದ್ದ. ಅಷ್ಟು ದೊಡ್ಡ ಬಾಯಿಯ ಮನುಷ್ಯ ಹೀಗೆ ಸಾಷ್ಟಾಂಗ ಬಿದ್ದದ್ದನ್ನು ಕಂಡು ನಾಯಕರು ಚಪ್ಪಾಳೆ ತಟ್ಟಿದರು. ಲೆವಾಸಾ ತನ್ನ ಕೊರಳ ಹಾರ ತೆಗೆದು ಅವನ ಕೊರಳಿಗೆ ಹಾಕಲು ಬಗ್ಗಿ ಭುಜ ಹಿಡಿದ. ಮಾವ ಪಕ್ಕಕ್ಕೆ ಉರುಳಿದ. ಮಂಡಿ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ತುಟಿಯಿಂದ ಇಳಿದ ಜೊಲ್ಲಿಗೆ ಇರುವೆ ಮುತ್ತಿದ್ದವು. ಚಪ್ಪಾಳೆ ಒಂದೆರಡು ಕಡೆ ಇನ್ನೂ ಕೇಳಿಸುತ್ತಿತ್ತು.

ಆಸ್ಪತ್ರೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಅರ್ಧ ಗಂಟೆ ಹೆಣಗಿ ಹೊರಗೆ ಬಂದಳು. “ಎಷ್ಟು ಹೊತ್ತಿಗೆ ಎಚ್ಚರ ತಪ್ಪಿತು ಇವರಿಗೆ?”

“ಗೊತ್ತಾಗಲಿಲ್ಲ” ಅಂದಳು ತೆರೆತಿಯಾ.

“ಹತ್ತಿರದಲ್ಲಿ ಯಾರೂ ಇರಲಿಲ್ವಾ? ಬೆಳಿಗ್ಗೆ ಯಾರಾದ್ರೂ ಬಾಯಿಗೆ ಎರಡು ಚಮಚ ಸಕ್ಕರೆ ನೀರು ಬಿಟ್ಟಿದ್ರೆ ಎದ್ದು ಕೂತು ಬೈತಿದ್ರು, ನಿಜ ಹೇಳ್ತೀನಿ.”

ಮಾರನೆಯ ದಿನ ಶುಕ್ರವಾರ. ಸಭೆ ನಿಲ್ಲಲಿಲ್ಲ. ನಾಯಕರು ಸಮುದ್ರದ ಮನೆಯಲ್ಲಿ ಒಂದು ನಿಮಿಷ ಎದ್ದು ನಿಂತು, ಕೂತರು. ತೆಬಿಕೆಯ ಕುರ್ಚಿಯ ಮೇಲೆ ಯಾರೋ ಹೂವು ಇಟ್ಟಿದ್ದರಂತೆ. ತೆರೆತಿಯಾ ಗೇಟಿನ ಹೊರಗೆ, ಬಾದಾಮಿ ಮರದ ಕೆಳಗೆ, ಬೆಳಗಿನಿಂದ ನಿಂತಿದ್ದಳು. ಹತ್ತೂವರೆಗೆ ವಿರಾಮ ಬಿಟ್ಟಾಗ ಲೆವಾಸಾ ಎಳನೀರು ಹಿಡಿದು ಒಬ್ಬನೇ ಅವಳ ಹತ್ತಿರ ಬಂದ.

“ಪಾಪ, ತುಂಬಾ ಒಳ್ಳೆ ಮನುಷ್ಯ” ಅಂದ. “ಹೆಣ ಸಾಗಿಸೋಕೆ ನಮ್ಮ ವಿಮಾನನೇ ತಗೊಂಡು ಹೋಗಿ. ಸಂಕೋಚ ಬೇಡ.”

“ವಾಯ್‌ಮಾಲೊ ವಿಷಯ ಇವತ್ತು ಹೇಳ್ತೀರಲ್ವಾ ತಾವು?”

“ಯಾರಿಗೆ ಹೇಳಲಿ ಮಗು?” ಲೆವಾಸಾ ನಿಜವಾಗಿಯೂ ಯೋಚಿಸುವವನ ಹಾಗೆ ಹುಬ್ಬು ಗಂಟಿಕ್ಕಿದ. “ಮಾತು ಅವರಿಗೂ ನನಗೂ ಇದ್ದದ್ದು. ಅವರೇ ಹೋದರು.”

“ಅವರು ಕೂತರು. ತಾವು ಎತ್ತಿದ್ರಿ. ಪದ್ಧತಿ ಮುಗೀತು.”

“ಎಲ್ಲಿ ಮುಗೀತು? ಚಾಪೆ ಎತ್ತಿದ ಮೇಲೆ ಕೂತವನು ಬಾಯಿ ಬಿಟ್ಟು ತಪ್ಪಾಯ್ತು ಅನ್ನಬೇಕು. ನೀನು ಇಲ್ಲೇ ಓದಿದವಳು, ಗೊತ್ತಿಲ್ವಾ? ಅವರು ಏನೂ ಅನ್ನಲಿಲ್ಲವಲ್ಲ. ನಮ್ಮಪ್ಪನಿಗೆ ಅಂದ ಮಾತು ಇನ್ನೂ ಹಾಗೇ ಇದೆ. ನಾನು ಮನಸ್ಸು ಮಾಡಿದ್ರೂ ನಮ್ಮ ಮನೆಯವರು ಒಪ್ಪಬೇಕಲ್ಲ.”

ತೆರೆತಿಯಾ ರಸ್ತೆಯ ಕಡೆ ಕೈ ತೋರಿಸಿದಳು. “ಅಲ್ಲಿ ಪೇಪರಿನವರು ಇದಾರೆ” ಅಂದಳು. “ಆರು ಗಂಟೆ ಹೊತ್ತು ಕೂರಿಸಿದ್ದು, ಕಾಯಿಲೆ ಅಂತ ಹೇಳಿ ಕಳಿಸಿದ್ರೂ ಕೋಕೋ ಕುಡೀತಾ ಕೂತಿದ್ದು, ಎಲ್ಲಾ ಹೇಳ್ತೀನಿ. ಕೊಂದಿದ್ದು ತಾವು ಅಂತ ಹೇಳ್ತೀನಿ.”

“ಹೇಳು.” ಲೆವಾಸಾ ಎಳನೀರಿನ ಕೊನೆಯ ಗುಟುಕು ಕುಡಿದು, ಬುರುಡೆಯನ್ನು ಜೋಪಾನವಾಗಿ ಮರದ ಬುಡಕ್ಕೆ ಇಟ್ಟ. “ಕೈಯಲ್ಲಿ ಪಾಕದ ಬಾಟಲಿ ಇತ್ತು ಅಂತಾನೂ ಹೇಳು. ಆ ಮಂತ್ರಿ ಎದ್ದಾಗ ಕೂರಿಸಿದ್ದು ಯಾರು ಅಂತಾನೂ ಹೇಳು. ನಾನು ಬೆಳಿಗ್ಗೆಯಿಂದ ಕಿಟಕಿ ಹತ್ತಿರಾನೇ ಇದ್ದೆ. ಅವರನ್ನ ನೋಡ್ತಿರಲಿಲ್ಲ, ಚಾಪೆಯಡಿ ನೋಡೋಕೆ ಏನಿದೆ? ನಿನ್ನನ್ನೇ ನೋಡ್ತಿದ್ದೆ. ಈಗ ಎತ್ತುತಾಳೆ, ಈಗ ಎತ್ತುತಾಳೆ ಅಂದ್ಕೊಂಡೆ. ನೀನು ಎತ್ತಿದ್ರೆ ನಾನೂ ಒಂದು ಗುಟುಕು ನೀರು ಕೊಟ್ಟು ಮನೆಗೆ ಕಳಿಸ್ತಿದ್ದೆ, ಭೂಮಿ ಇಲ್ಲ, ಅಷ್ಟೇ. ಗಟ್ಟಿಗಿತ್ತಿ ನೀನು. ನಮ್ಮಲ್ಲೂ ನಿನ್ನಂಥವರಿಲ್ಲ.”

ಒಳಗೆ ಗಂಟೆ ಹೊಡೆಯಿತು. ಅವನು ಅವಳ ಭುಜ ತಟ್ಟಿ ಹೋದ.

ಪೇಪರಿನವರು ರಸ್ತೆಯಲ್ಲಿ ಹತ್ತು ಮಾರು ದೂರದಲ್ಲಿದ್ದರು. ಅವಳು ಅವರ ಕಡೆ ಹೋಗಲಿಲ್ಲ. ಮರದ ಬುಡದಲ್ಲೇ ಕೂತಳು. ಸಂಜೆ ಜಂಟಿ ಹೇಳಿಕೆಯ ಕರಡು ಬಂತು, ತೆಬಿಕೆಯ ಪರವಾಗಿ ಓದಿ ಸಹಿ ಹಾಕಲು. ಹದಿನಾಲ್ಕನೇ ಪ್ಯಾರಾದಲ್ಲಿ ಅಧ್ಯಕ್ಷ ತೆಕಿನೈತಿಯವರು ಸೌಹಾರ್ದದ ಮಹಾನ್ ಪರಂಪರೆಯನ್ನು ಎತ್ತಿಹಿಡಿದು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು ಎಂದಿತ್ತು. ಹದಿನೈದರಲ್ಲಿ, ‘ತೆಬಿಕೆಯ ಜನರ ಸ್ಥಳಾಂತರದ ಅಗತ್ಯವನ್ನು ನಾಯಕರು ಗಮನಿಸಿದರು’ ಎಂದಿತ್ತು. ನಾಯಕರು ಒಪ್ಪಿದರು ಎಂದರೆ ಕೆಲಸ ಆಗುತ್ತದೆ, ಸ್ವಾಗತಿಸಿದರು ಎಂದರೆ ಆದರೂ ಆಗಬಹುದು, ಗಮನಿಸಿದರು ಎಂದರೆ ಕಸದ ಬುಟ್ಟಿ. ಇಂಥ ಹೇಳಿಕೆಗಳನ್ನು ಹದಿನಾರು ವರ್ಷ ಬರೆದ ಕೈ ಅವಳದು. ಅದೇ ಕೈಯಿಂದ ಸಹಿ ಹಾಕಿದಳು. ಹಾಕದಿದ್ದರೆ ಹದಿನೈದನೇ ಪ್ಯಾರಾನೂ ಇರುವುದಿಲ್ಲವಲ್ಲ!

ಲೆವಾಸಾನ ವಿಮಾನ ಶನಿವಾರ ತೆಬಿಕೆಯ ಹವಳದ ಪುಡಿಯ ರನ್‌ವೇ ಮೇಲೆ ಇಳಿಯಿತು. ದಕ್ಷಿಣದ ನಡುಗಡ್ಡೆಗಳ ಜನ ದೋಣಿಗಳಲ್ಲಿ ಬಂದು ಸೇರಿದ್ದರು. ಅಧ್ಯಕ್ಷರು ಭೂಮಿ ಗೆದ್ದು ಪ್ರಾಣ ಕೊಟ್ಟರು ಎಂಬ ಸುದ್ದಿ ರೇಡಿಯೋದಲ್ಲಿ ಹೇಗೋ ಬಂದುಬಿಟ್ಟಿತ್ತು. ಮುದುಕಿಯರು ತೆರೆತಿಯಾಳ ಕೈಯನ್ನು ಹಣೆಗೆ ಒತ್ತಿಕೊಂಡು ಅತ್ತರು. ಒಬ್ಬಾಕೆ, “ಆ ಹೊಳೆ ನೀರು ಸಿಹಿ ಇದೆಯಾ ಮಗಳೇ?” ಎಂದು ಕೇಳಿದಳು. ತೆರೆತಿಯಾ ಹೂಂ ಅಂದಳು. ಮೂರು ದಿನ ಹೂಂ ಅನ್ನುತ್ತಲೇ ಇದ್ದಳು.

ಮಣ್ಣು ಮಾಡಿದ ಮಾರನೆಯ ಮಧ್ಯಾಹ್ನ ತೊಕಾ ಅತ್ತೆ ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ಅತ್ತೆ ಅಳುತ್ತಿರಲಿಲ್ಲ. ಗಂಡನ ಅಂಗಿಗಳನ್ನು ಹಂಚಲೆಂದು ಮಡಿಸುತ್ತಿದ್ದಳು.

“ಕೌತು ಬಂದಿದ್ದ” ಅಂದಳು. “ಎಲ್ಲಾ ಹೇಳಿದ. ಕುಡಿದಿದ್ದ, ಆದ್ರೂ ಸುಳ್ಳು ಹೇಳೋ ಪೈಕಿ ಅಲ್ಲ.”

ತೆರೆತಿಯಾ ಬಾಯಿ ತೆರೆದಳು. ಮೂರು ದಿನದಿಂದ ತಡೆದದ್ದೆಲ್ಲ ಒಮ್ಮೆಗೇ ಬಂತು. “ಅತ್ತೆ, ನಾನು ನೋಡಿದೆ. ನಡುಗೋದು ನಿಂತಿದ್ದು ನೋಡಿದೆ. ಭೂಮಿ ಹೋಗುತ್ತೆ ಅಂತ ಎತ್ತಲಿಲ್ಲ. ಭೂಮೀನೂ ಸಿಗಲಿಲ್ಲ ಅತ್ತೆ, ಏನೂ ಸಿಗಲಿಲ್ಲ. ನಾನೇ ಕೊಂದೆ.”

ತೊಕಾ ಇನ್ನೊಂದು ಅಂಗಿ ಮಡಿಸಿದಳು. ಕಾಲರಿನ ಹತ್ತಿರ ಕೊಳೆ ಉಳಿದಿದ್ದನ್ನು ಉಗುರಿನಿಂದ ಕೆರೆದಳು.

“ಹೊರಡೋ ಹಿಂದಿನ ದಿನ ನಾನೂ ಬರ್ತೀನಿ ಅಂತ ಹಟ ಮಾಡಿದ್ದೆ. ಸೂಜಿ ಚುಚ್ಚೋಕೆ, ಊಟ ನೋಡೋಕೆ ಯಾರಾದ್ರೂ ಬೇಡ್ವಾ ಅಂದೆ. ಅವನು ಏನಂದ ಗೊತ್ತಾ? ‘ಲೆವಾಸಾ ನನ್ನನ್ನ ಅಷ್ಟು ಸುಲಭಕ್ಕೆ ಬಿಡಲ್ಲ ಕಣೇ, ಸಾಯೋ ತನಕ ಕೂರಿಸ್ತಾನೆ. ನೀನು ಬಂದರೆ ತಡೀಲಾರದೆ ಚಾಪೆ ಎತ್ತಿಬಿಡ್ತೀಯ. ಅವಳಾದರೆ ಎತ್ತಲ್ಲ, ಅವಳನ್ನ ಕರ್ಕೊಂಡು ಹೋಗ್ತೀನಿ’ ಅಂದ.”

ಹೊರಗೆ ದಕ್ಷಿಣದವರು ದೋಣಿಗೆ ನೀರು ತುಂಬಿದ ಡ್ರಮ್ಮು ಹೇರುತ್ತಿದ್ದರು, ಮುಂದಿನ ವಾರಕ್ಕೆ. ತೊಕಾ ಮಡಿಸಿದ ಅಂಗಿಯನ್ನು ತೆರೆತಿಯಾಳ ತೊಡೆಯ ಮೇಲಿಟ್ಟು ಇನ್ನೊಂದನ್ನು ಎತ್ತಿಕೊಂಡಳು.